ಮಾತಾಡ್ತಾರೆ ಸರಿ, ಬರೆಯುವಾಗ ಅಕ್ಷರ ಯಾಕೆ ನುಂಗ್ತಾರೆ?

ಪ್ರಶ್ನೆ: ನಾನಿರೋದು ಶಾರ್ಜಾದಲ್ಲಿ. ಪಕ್ಕದ ಫ್ಲ್ಯಾಟಿನ ಸಿರಿಯಾದ ಹೆಂಗಸೊಬ್ಬರಿಗೆ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತೇನೆ. ಓದಿದವರು, ಮಾತೂ ಪರವಾಗಿಲ್ಲ. ಆದರೆ ‘ಕಿಚನ್’ ಬರೆಯಿರಿ ಅಂದರೆ ಕೆ, ಟಿ, ಸಿ, ಎಚ್, ಎನ್ ಅಷ್ಟೇ ಬರೆಯುತ್ತಾರೆ. ಐ ಇಲ್ಲ, ಇ ಇಲ್ಲ. ಎಷ್ಟು ತಿದ್ದಿದರೂ ಅದೇ. ನನಗೆ ಅರಬ್ಬಿ ಬರಲ್ಲ. ಏನು ಮಾಡಲಿ?

ಉತ್ತರ: ಮೊದಲಿಗೆ, ಇದು ಅಸಡ್ಡೆ ಅಲ್ಲ. ಚಿಕ್ಕಂದಿನಿಂದ ಕಣ್ಣಿಗೆ ಅಂಟಿದ ರೂಢಿ.

ಅರಬ್ಬಿಯ 28 ಅಕ್ಷರಗಳು ಹೆಚ್ಚುಕಮ್ಮಿ ವ್ಯಂಜನಗಳೇ, ಅವುಗಳಲ್ಲಿ ಮೂರು ದೀರ್ಘ ಸ್ವರದ ಕೆಲಸವನ್ನೂ ಮಾಡುತ್ತವೆ. ಹ್ರಸ್ವ ಸ್ವರಕ್ಕೆ ಅಕ್ಷರದ ಮೇಲೆ, ಕೆಳಗೆ ಹಾಕುವ ಪುಟ್ಟ ಗುರುತುಗಳಿವೆ. ಕುರಾನಿನಲ್ಲಿ, ಮಕ್ಕಳ ಪುಸ್ತಕದಲ್ಲಿ ಅವನ್ನು ಹಾಕಿರುತ್ತಾರೆ, ನ್ಯೂಸ್ ಪೇಪರಿನಲ್ಲಿ ಸಾಮಾನ್ಯವಾಗಿ ಹಾಕಲ್ಲ. ಕ, ತ, ಬ ಅಂತ ಮೂರು ವ್ಯಂಜನ ಇದ್ದರೆ ಅದು ‘ಕತಬ’, ಅಂದರೆ ಬರೆದನು ಅಂತಲೂ ಆಗಬಹುದು, ‘ಕುತುಬ್’, ಅಂದರೆ ಪುಸ್ತಕಗಳು ಅಂತಲೂ ಆಗಬಹುದು. ಓದುವವರು ಹಿಂದುಮುಂದು ನೋಡಿಕೊಂಡು ಸ್ವರ ತಾವೇ ತುಂಬಿಕೊಳ್ಳುತ್ತಾರೆ. ಗುಡಿಸು, ಕೊಂಬು ಒಂದೂ ಬಿಡದೆ ಬರೆಯುವ ನಮಗೆ ಇದು ವಿಚಿತ್ರ ಅನ್ನಿಸುತ್ತೆ, ಅಲ್ವಾ?

ಇಂಗ್ಲಿಷಿನಲ್ಲಿ ಈ ರೂಢಿ ಕೈಕೊಡುತ್ತೆ. ಬ್ಯಾಟ್, ಬೆಟ್, ಬಿಟ್, ಬೋಟ್, ಬೀಟ್ ಎಲ್ಲಕ್ಕೂ ಆ ಕಡೆ ಬಿ, ಈ ಕಡೆ ಟಿ. ಅರ್ಥ ಇರೋದೇ ನಡುವಿನಲ್ಲಿ. ಅವರ ಕಣ್ಣು ಜಾರೋದೂ ಅಲ್ಲೇ. ಜೊತೆಗೆ ಪುಸ್ತಕದ ಅರಬ್ಬಿಯಲ್ಲಿ ಅ, ಇ, ಉ ಮತ್ತು ಅವುಗಳ ದೀರ್ಘ ಮಾತ್ರ ಇರೋದರಿಂದ ‘ಪೆನ್’ಗೂ ‘ಪಿನ್’ಗೂ ಕಿವಿಯಲ್ಲೇ ವ್ಯತ್ಯಾಸ ಸಿಕ್ಕದೆ ಹೋಗಬಹುದು.

ಹಾಗಾಗಿ ಸ್ಪೆಲ್ಲಿಂಗ್ ಬಾಯಿಪಾಠ ಮಾಡಿಸಬೇಡಿ. ಒಂದೇ ಸ್ವರ ಬೇರೆ ಇರುವ ಜೋಡಿ ಪದಗಳನ್ನು ಹಾಳೆಯಲ್ಲಿ ಬರೆಯಿರಿ. ನೀವು ಒಂದನ್ನು ಹೇಳಿ, ಅವರು ಬೆರಳಿಟ್ಟು ತೋರಿಸಲಿ. ಆಮೇಲೆ ಅವರು ಹೇಳಲಿ, ನಿಮಗೆ ಕೇಳಿಸಿದ್ದಕ್ಕೆ ನೀವು ಬೆರಳಿಡಿ. ತಮ್ಮ ‘ಪಿನ್’ ನಿಮಗೆ ‘ಪೆನ್’ ಆಗಿ ಕೇಳಿಸ್ತಿದೆ ಅಂತ ಗೊತ್ತಾದ ಕೂಡಲೇ ಬಾಯಿ ತಾನಾಗೇ ಸರಿಮಾಡಿಕೊಳ್ಳೋಕೆ ನೋಡುತ್ತೆ. ಕಿವಿ ಪಳಗಿದ ಮೇಲೆ ಬರವಣಿಗೆ. ಅವರು ಸ್ವರ ಬಿಟ್ಟ ಜಾಗದಲ್ಲಿ ಒಂದು ಗೆರೆ ಎಳೆದು ವಾಪಸ್ ಕೊಡಿ, ಅವರೇ ತುಂಬಲಿ. ಪದಗಳನ್ನು ಅವರ ಬಾಡಿಗೆ ಕರಾರಿನಿಂದಲೋ ಮಕ್ಕಳ ಸ್ಕೂಲ್ ಸರ್ಕ್ಯುಲರ್‌ನಿಂದಲೋ ಆರಿಸಿ. ದೊಡ್ಡವರ ಕೈಗೆ ನರ್ಸರಿ ಪುಸ್ತಕ ಕೊಡೋದು ನನಗಂತೂ ಸರಿ ಕಾಣಲ್ಲ.

ಇನ್ನೊಂದು ವಿಷಯ. ಅರಬ್ಬಿಯಲ್ಲಿ ‘ಪ’ ಇಲ್ಲ, ‘ಪಾರ್ಕಿಂಗ್’ ಹೋಗಿ ‘ಬಾರ್ಕಿಂಗ್’ ಆಗುತ್ತೆ. ತಮಾಷೆ ಅಂದರೆ ಇಲ್ಲಿ ನಾವೂ ಒಳ್ಳೆ ಮೇಷ್ಟ್ರುಗಳಲ್ಲ. ಇಂಗ್ಲೆಂಡಿನವರು ಪದದ ಮೊದಲ ‘ಪ’ವನ್ನು ಉಸಿರು ಚೆಲ್ಲಿ ಹೇಳುತ್ತಾರೆ, ನಮ್ಮ ಅಲ್ಪಪ್ರಾಣ ‘ಪ’ದಲ್ಲಿ ಆ ಗಾಳಿ ಇಲ್ಲ, ಹಾಗಾಗಿ ಅವರ ಕಿವಿಗೆ ಅದು ‘ಬ’ ಅಂತಲೇ ಬೀಳಬಹುದು. ಬಾಯಿ ಮುಂದೆ ಟಿಶ್ಯೂ ಪೇಪರ್ ಹಿಡಿದು, ಅದು ಅಲ್ಲಾಡುವ ಹಾಗೆ ಮಹಾಪ್ರಾಣ ಬೆರೆಸಿ ಹೇಳಿ ತೋರಿಸಿ.

ಬಲದಿಂದ ಎಡಕ್ಕೆ ಬರೆದು ರೂಢಿ ಅಂತ ತಲೆ ಕೆಡಿಸಿಕೊಳ್ಳಬೇಡಿ, ಓದಿದವರಿಗೆ ಅದು ಬೇಗ ಹೊಂದಿಕೊಳ್ಳುತ್ತೆ. ‘ಐ ಆಮ್ ಎ ಟೀಚರ್’ನಲ್ಲಿ ‘ಆಮ್ ಎ’ ಬಿಟ್ಟು ‘ಐ ಟೀಚರ್’ ಅಂದರೂ ಸದ್ಯಕ್ಕೆ ಬಿಡಿ. ‘ನಾನು ಟೀಚರ್’ ಅನ್ನುವ ನಮಗೆ ಅದು ಯಾಕೆ ಅಂತ ವಿವರಿಸಬೇಕಾಗಿಲ್ಲ.