ಆವೇಗ ಮುಗಿದ ಮೇಲೆ ನರಕೋಶದ ವಿಭವವನ್ನು ಮರಳಿ ತರುವುದು ಯಾವುದು?

ನರಮಂಡಲದ ರಚನೆ ಒಂದೆರಡು ಚಿತ್ರಗಳನ್ನು ಬಿಡಿಸಿದರೆ ಮನಸ್ಸಿನಲ್ಲಿ ಉಳಿದುಬಿಡುತ್ತದೆ. ಮೆದುಳು ಮತ್ತು ಬೆನ್ನುಹುರಿ ಸೇರಿ ಕೇಂದ್ರ ನರಮಂಡಲ; ಅವುಗಳಿಂದ ಹೊರಡುವ 12 ಜೊತೆ ಕಪಾಲ ನರಗಳು ಮತ್ತು 31 ಜೊತೆ ಬೆನ್ನುಹುರಿಯ ನರಗಳು ಪರಿಧಿ ನರಮಂಡಲಕ್ಕೆ ಸೇರಿದವು. ನರಕೋಶದಲ್ಲಿ ಡೆಂಡ್ರೈಟ್‌ಗಳು ಸಂಕೇತಗಳನ್ನು ಪಡೆಯುತ್ತವೆ, ಕೋಶಕಾಯದಲ್ಲಿ ಅವು ಒಟ್ಟುಗೂಡುತ್ತವೆ, ಆಕ್ಸಾನ್ ಅವನ್ನು ಆವೇಗ ಎಂಬ ವಿದ್ಯುತ್ ಸಂಕೇತವಾಗಿ ಮುಂದಕ್ಕೆ ಒಯ್ಯುತ್ತದೆ. ಕಷ್ಟವಾಗುವುದು ಆ ಒಯ್ಯುವಿಕೆಯ ಒಳಗೆ ಇಣುಕಿದಾಗ. ಅದರಲ್ಲಿಯೂ ಕೋಶದ ಪೊರೆಯಲ್ಲಿದ್ದು ಅಯಾನುಗಳನ್ನು (ವಿದ್ಯುದಾವೇಶವಿರುವ ಕಣಗಳನ್ನು) ಸಾಗಿಸುವ ಸೋಡಿಯಂ-ಪೊಟ್ಯಾಸಿಯಂ ಪಂಪ್‌ನ ಪಾತ್ರ ಸ್ಪಷ್ಟವಾಗದಿದ್ದರೆ ಮುಂದಿನದೆಲ್ಲ ಗೋಜಲಾಗುವುದರಿಂದ ಈ ಟಿಪ್ಪಣಿಯ ಬಹುಪಾಲನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ವಿಶ್ರಾಂತ ಸ್ಥಿತಿಯಲ್ಲಿ ಕೋಶದ ಒಳಭಾಗವು ಹೊರಭಾಗಕ್ಕಿಂತ ಸುಮಾರು 70 ಮಿಲಿವೋಲ್ಟ್‌ನಷ್ಟು ಋಣವಾಗಿರುತ್ತದೆ; ಒಳಹೊರಗಿನ ಈ ವಿದ್ಯುತ್ ಅಂತರವೇ ವಿಭವ. ಪಂಪ್ ಪ್ರತಿ ಸುತ್ತಿಗೆ ಕೋಶದ ಇಂಧನವಾದ ಎಟಿಪಿಯ ಒಂದು ಅಣುವನ್ನು ಖರ್ಚು ಮಾಡಿ ಮೂರು ಸೋಡಿಯಂ ಅಯಾನುಗಳನ್ನು ಹೊರಗೆ ಹಾಕಿ ಎರಡು ಪೊಟ್ಯಾಸಿಯಂ ಅಯಾನುಗಳನ್ನು ಒಳಗೆ ತರುವುದರಿಂದ ಈ ಋಣತ್ವವೆಲ್ಲ ಅದರದೇ ಕೆಲಸವೆಂದು ತೋರುತ್ತದೆ. ಆದರೆ ಮೂರಕ್ಕೆ ಎರಡರ ಈ ಲೆಕ್ಕದಿಂದ ನೇರವಾಗಿ ದೊರೆಯುವುದು ಕೆಲವೇ ಮಿಲಿವೋಲ್ಟ್. ಪಂಪ್‌ನ ನಿಜವಾದ ಕೊಡುಗೆ ಸಾಂದ್ರತೆಯ ವ್ಯತ್ಯಾಸ: ಅದರಿಂದಾಗಿ ಒಳಗೆ ಪೊಟ್ಯಾಸಿಯಂ ಹೆಚ್ಚು, ಹೊರಗೆ ಸೋಡಿಯಂ ಹೆಚ್ಚು. ವಿಶ್ರಾಂತ ಸ್ಥಿತಿಯಲ್ಲಿ ಪೊರೆಯು ಪೊಟ್ಯಾಸಿಯಂಗೆ ಹೆಚ್ಚು ದಾರಿ ಬಿಡುವುದರಿಂದ ಅದು ತನ್ನ ಧನ ಆವೇಶದೊಡನೆ ಹೊರಕ್ಕೆ ಸೋರುತ್ತದೆ. ಹೀಗೆ ಸೋರಿದ ಆವೇಶದ ಕೊರತೆಯೇ ಒಳಗಿನ ಋಣತ್ವ.

ಪ್ರಚೋದನೆಯಿಂದ ವಿಭವವು ಸುಮಾರು -55 ಮಿಲಿವೋಲ್ಟ್‌ಗೆ ತಲುಪಿದಾಗ ಸೋಡಿಯಂ ಚಾನೆಲ್‌ಗಳು, ಅಂದರೆ ಪೊರೆಯಲ್ಲಿ ಸೋಡಿಯಂಗೆ ಇರುವ ದ್ವಾರಗಳು, ತೆರೆದು, ಸೋಡಿಯಂ ಒಳನುಗ್ಗಿ, ವಿಭವ ಸುಮಾರು +30ಕ್ಕೆ ಏರುತ್ತದೆ. ಬಳಿಕ ಆ ಚಾನೆಲ್‌ಗಳು ನಿಷ್ಕ್ರಿಯವಾಗುತ್ತವೆ, ತಡವಾಗಿ ತೆರೆಯುವ ಪೊಟ್ಯಾಸಿಯಂ ಚಾನೆಲ್‌ಗಳ ಮೂಲಕ ಪೊಟ್ಯಾಸಿಯಂ ಹೊರಬಿದ್ದು ವಿಭವ ಮತ್ತೆ ಕೆಳಗಿಳಿಯುತ್ತದೆ. ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಸೋಡಿಯಂ ಒಳಗೆ ಬಂದು ಪೊಟ್ಯಾಸಿಯಂ ಹೊರಗೆ ಹೋದ ಮೇಲೆ ಅವನ್ನು ಸ್ವಸ್ಥಾನಕ್ಕೆ ಕಳಿಸದೆ ವಿಭವ ಮರಳುವುದು ಹೇಗೆ?

ವಿಭವ ಮರಳುವುದು ಬೇರೆ, ಅಯಾನುಗಳು ಮರಳುವುದು ಬೇರೆ. ವಿಭವಕ್ಕೆ ಬೇಕಾದದ್ದು ಪೊರೆಯ ಎರಡು ಮಗ್ಗುಲಿನ ಆವೇಶದ ಅಂತರ ಮಾತ್ರ. ಒಂದು ಧನ ಆವೇಶ ಒಳಗೆ ಬಂದು ಇನ್ನೊಂದು ಧನ ಆವೇಶ ಹೊರಗೆ ಹೋದರೆ, ಅವು ಬೇರೆ ಬೇರೆ ಅಯಾನುಗಳಾಗಿದ್ದರೂ ಲೆಕ್ಕ ಸರಿಹೋಗುತ್ತದೆ. ಹಾಗಾಗಿ ವಿಭವವನ್ನು ಮರಳಿ ತರುವುದು ಚಾನೆಲ್‌ಗಳೇ ಹೊರತು ಪಂಪ್ ಅಲ್ಲ. ವೇಗವನ್ನು ನೋಡಿದರೂ ಇದೇ ತೀರ್ಮಾನ: ಒಂದು ಪಂಪ್ ಸೆಕೆಂಡಿಗೆ ಕೆಲವು ನೂರು ಅಯಾನುಗಳನ್ನಷ್ಟೇ ಸಾಗಿಸಬಲ್ಲದು, ತೆರೆದ ಒಂದು ಚಾನೆಲ್ ಸುಮಾರು ಒಂದು ಕೋಟಿ ಅಯಾನುಗಳನ್ನು ಬಿಡಬಲ್ಲದು. ಒಂದೆರಡು ಮಿಲಿಸೆಕೆಂಡಿನಲ್ಲಿ ಮುಗಿದುಹೋಗುವ ಆವೇಗದಲ್ಲಿ ಪಂಪ್‌ಗೆ ಒಂದು ಸುತ್ತನ್ನು ಮುಗಿಸುವಷ್ಟೂ ಸಮಯವಿರುವುದಿಲ್ಲ.

ಸ್ಕ್ವಿಡ್ ಎಂಬ ಕಡಲಜೀವಿಯ ದೈತ್ಯ ಆಕ್ಸಾನ್ ಒಂದು ಮಿಲಿಮೀಟರ್‌ವರೆಗೂ ದಪ್ಪವಿರುವುದರಿಂದ ಅದರೊಳಗೆ ವಿದ್ಯುದ್ವಾರವನ್ನು ತೂರಿಸಿ ಅಳೆಯಲು ಸಾಧ್ಯವಾಯಿತು. ಆ ಅಳತೆಗಳ ಆಧಾರದ ಮೇಲೆ ಅಲನ್ ಹಾಡ್‌ಕಿನ್ ಮತ್ತು ಆಂಡ್ರ್ಯೂ ಹಕ್ಸ್‌ಲಿ 1952ರಲ್ಲಿ ಆವೇಗದ ಗಣಿತವನ್ನು ಪ್ರಕಟಿಸಿದರು. ಈ ಆಕ್ಸಾನ್‌ನಲ್ಲಿ ಒಂದು ಆವೇಗಕ್ಕೆ ಹೊರಬೀಳುವ ಪೊಟ್ಯಾಸಿಯಂ, ಒಳಗಿರುವ ದಾಸ್ತಾನಿನ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. 1955ರಲ್ಲಿ ಹಾಡ್‌ಕಿನ್ ಮತ್ತು ರಿಚರ್ಡ್ ಕೀನ್ಸ್ ಇಂಥ ದೈತ್ಯ ಆಕ್ಸಾನ್‌ಗಳಲ್ಲಿ ಡೈನೈಟ್ರೋಫಿನಾಲ್‌ನಂತಹ ವಿಷದಿಂದ ಸೋಡಿಯಂ ಹೊರಹಾಕುವ ಕೆಲಸವನ್ನು ತಡೆದಾಗಲೂ ಆವೇಗಗಳು ಸಾಗುತ್ತಲೇ ಇದ್ದವು. ಮೇಲಿನ ತೊಟ್ಟಿಗೆ ನೀರೇರಿಸುವ ಮೋಟರು ನಿಂತರೂ ತೊಟ್ಟಿ ಬರಿದಾಗುವವರೆಗೆ ನಲ್ಲಿಯಲ್ಲಿ ನೀರು ಬರುವಂತೆಯೇ ಇದು. ತೆಳುವಾದ ಆಕ್ಸಾನ್‌ಗಳಲ್ಲಿ ದಾಸ್ತಾನು ಸಣ್ಣದಾದ್ದರಿಂದ ಪಂಪ್ ನಿಂತರೆ ಅದರ ಪರಿಣಾಮ ಬೇಗ ಕಾಣಿಸುತ್ತದೆ. ಈ ಪ್ರಯೋಗವೊಂದನ್ನು ನೆನಪಿಟ್ಟರೆ ಸಾಕು, ಪಂಪ್ ಮತ್ತು ಚಾನೆಲ್‌ಗಳ ಕೆಲಸ ಮತ್ತೆಂದೂ ಕಲಸಿಹೋಗುವುದಿಲ್ಲ ಎಂಬುದು ನನ್ನ ಅನಿಸಿಕೆ.

ಲಿಡೋಕೇನ್ ಅರಿವಳಿಕೆಯನ್ನೂ ಇದೇ ದಾರಿಯಲ್ಲಿ ಬಿಡಿಸಬಹುದು. ಅದು ಸೋಡಿಯಂ ಚಾನೆಲ್‌ಗಳನ್ನು ತಡೆಯುತ್ತದೆ. ಪಂಪ್ ನಡೆಯುತ್ತಲೇ ಇರುತ್ತದೆ, ವಿಶ್ರಾಂತ ವಿಭವವೂ ಹಾಗೆಯೇ ಉಳಿಯುತ್ತದೆ, ಆದರೂ ನೋವಿನ ಆವೇಗ ಹುಟ್ಟುವುದಿಲ್ಲ.

ನಿಷ್ಕ್ರಿಯಗೊಂಡ ಸೋಡಿಯಂ ಚಾನೆಲ್‌ಗಳು ತಕ್ಷಣ ತೆರೆಯಲಾರವು. ಆದುದರಿಂದ ಆವೇಗವು ಬಂದ ದಾರಿಯಲ್ಲಿ ಹಿಂದಿರುಗದೆ ಮುಂದಕ್ಕೇ ಸಾಗುತ್ತದೆ. ಮಯಲಿನ್ ಎಂಬ ಕೊಬ್ಬಿನ ಹೊದಿಕೆಯುಳ್ಳ ಆಕ್ಸಾನ್‌ಗಳಲ್ಲಿ ಅದು ಹೊದಿಕೆಯ ನಡುವಿನ ತೆರಪುಗಳಾದ ರಾನ್ವಿಯರ್ ಗಂಟುಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಜಿಗಿದು ಸೆಕೆಂಡಿಗೆ 120 ಮೀಟರ್‌ವರೆಗೂ ವೇಗ ಪಡೆಯಬಲ್ಲದು. ಹೊದಿಕೆಯಿಲ್ಲದ ತೆಳು ತಂತುಗಳಲ್ಲಿ ಈ ವೇಗ ಒಂದು ಮೀಟರಿನ ಆಸುಪಾಸಿನಲ್ಲಿರುತ್ತದೆ.

ಆಕ್ಸಾನ್‌ನ ತುದಿಯಲ್ಲಿ, ಮುಂದಿನ ಕೋಶವನ್ನು ಸಂಧಿಸುವ ಸಿನಾಪ್ಸ್‌ನ ಬಳಿ, ವಿಭವದ ಏರಿಕೆಯು ಕ್ಯಾಲ್ಸಿಯಂ ಚಾನೆಲ್‌ಗಳನ್ನು ತೆರೆಯುತ್ತದೆ. ಕೋಶದ ಹೊರಗೆ ಕ್ಯಾಲ್ಸಿಯಂನ ಸಾಂದ್ರತೆ ಒಳಗಿನದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಹೆಚ್ಚಿರುವುದರಿಂದ ಅದೂ ಎಟಿಪಿಯ ನೆರವಿಲ್ಲದೆ ಒಳಗೆ ಹರಿಯುತ್ತದೆ. ಆಗ ಕೋಶಿಕೆಗಳೆಂಬ ಸಣ್ಣ ಚೀಲಗಳು ಪೊರೆಯೊಡನೆ ಬೆಸೆದು, ಸಂಕೇತವನ್ನು ಮುಂದಿನ ಕೋಶಕ್ಕೆ ದಾಟಿಸುವ ರಾಸಾಯನಿಕವಾದ ನರಪ್ರೇಷಕವನ್ನು ಹೊರಬಿಡುತ್ತವೆ. ಸ್ನಾಯುವನ್ನು ಮುಟ್ಟುವ ನರದಲ್ಲಿ ಅದು ಅಸಿಟೈಲ್‌ಕೋಲಿನ್. ಬಿಡುಗಡೆಯಾದ ಕೆಲವೇ ಮಿಲಿಸೆಕೆಂಡುಗಳಲ್ಲಿ ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವವು ಅದನ್ನು ಒಡೆಯುತ್ತದೆ, ಹೀಗಾಗಿ ಒಂದು ಆವೇಗಕ್ಕೆ ಸ್ನಾಯುತಂತು ಸಾಮಾನ್ಯವಾಗಿ ಒಂದೇ ಬಾರಿ ಪ್ರತಿಕ್ರಿಯಿಸುತ್ತದೆ.