ಪದ ಪರಿಚಯ: ಇಂಡಿಪೆಂಡೆಂಟ್ ಡೇ ಸ್ಕೂಲ್

ನಮ್ಮ ಕಡೆ ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುವ ಶಾಲೆಗೆ ಬೇರೆ ಹೆಸರೇ ಬೇಕಿಲ್ಲ. ಅದು ಶಾಲೆ, ಅಷ್ಟೇ. ಇಂಗ್ಲೆಂಡಿನ ಹಳೇ ಖಾಸಗಿ ಶಾಲೆಗಳ ಕಥೆ ಹಾಗಲ್ಲ. ಈಟನ್, ಹ್ಯಾರೋ, ರಗ್ಬಿ ಅಂತ ನಾವು ಕೇಳಿರುವ ಹೆಸರುಗಳೆಲ್ಲ ಹುಡುಗರನ್ನು ತಮ್ಮಲ್ಲೇ ಇಟ್ಟುಕೊಂಡು ಬೆಳೆಸಿದ ಶಾಲೆಗಳದು. ಹಾಗಾಗಿ ಮನೆಯಿಂದ ದಿನಾ ಓಡಾಡುವ ಮಕ್ಕಳ ಶಾಲೆಗೆ ಅಲ್ಲಿ ‘ಡೇ ಸ್ಕೂಲ್’ ಅಂತ ಬಿಡಿಸಿ ಹೇಳಬೇಕಾಗುತ್ತದೆ.

ಮುಂದೆ ‘ಇಂಡಿಪೆಂಡೆಂಟ್’ ಸೇರಿದರೆ, ಸರ್ಕಾರದ ಅನುದಾನವಿಲ್ಲದೆ ಫೀಸು ಮತ್ತು ದತ್ತಿ ಹಣದಲ್ಲಿ ನಡೆಯುವ ಶಾಲೆ ಅಂತ ಅರ್ಥ. ಅದಕ್ಕೆ ತನ್ನದೇ ಆಡಳಿತ ಮಂಡಳಿ ಇರುತ್ತದೆ. ದೇಶದ ಪಠ್ಯಕ್ರಮವನ್ನೇ ಪಾಠ ಮಾಡಬೇಕೆಂಬ ಕಡ್ಡಾಯ ಇಲ್ಲ. ನೋಂದಣಿ, ತಪಾಸಣೆ ಮಾತ್ರ ತಪ್ಪಿದ್ದಲ್ಲ.

ಇಷ್ಟು ತಿಳಿದರೆ ಪದ ಗೊತ್ತಾಯಿತು, ಶಾಲೆ ಗೊತ್ತಾಗಲಿಲ್ಲ. ಇಂಥ ಶಾಲೆಯನ್ನು ಯಾರಿಗಾಗಿ ಕಟ್ಟಿದರು, ಆಮೇಲೆ ಒಳಗೆ ಯಾರು ಬಂದರು ಅನ್ನುವುದು ನನಗೆ ಹೆಚ್ಚು ಮುಖ್ಯ. ಅದನ್ನು ನೋಡಲು ಲಂಡನ್ನಿನ ಸೇಂಟ್ ಪಾಲ್ಸ್ ಶಾಲೆಗಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ.

ಸೇಂಟ್ ಪಾಲ್ಸ್ ಕೆಥೆಡ್ರಲ್ ಅನ್ನುವ ದೊಡ್ಡ ಚರ್ಚಿನ ಡೀನ್, ಅಂದರೆ ಮುಖ್ಯ ಪಾದ್ರಿ, ಆಗಿದ್ದ ಜಾನ್ ಕಾಲೆಟ್ 1509ರಲ್ಲಿ ಈ ಶಾಲೆಯನ್ನು ಸ್ಥಾಪಿಸಿದರು. ಅವರ ತಂದೆ ದೊಡ್ಡ ಬಟ್ಟೆ ವ್ಯಾಪಾರಿ, ಲಂಡನ್ನಿನ ಮೇಯರ್ ಕೂಡ ಆಗಿದ್ದವರು. ಆ ಆಸ್ತಿಯೆಲ್ಲ ಕಾಲೆಟ್‌ಗೆ ಬಂತು. ಅವರು ಅದನ್ನು ತೆಗೆದು ಶಾಲೆಗೆ ಹಾಕಿದರು. 153 ಹುಡುಗರಿಗೆ ಫೀಸಿಲ್ಲದ ಓದು. ಬೈಬಲ್ಲಿನ ಯೋಹಾನನ ಸುವಾರ್ತೆಯಲ್ಲಿ ಶಿಷ್ಯರ ಬಲೆಗೆ ಬಿದ್ದ ಮೀನುಗಳ ಲೆಕ್ಕವೂ 153. ಅಲ್ಲಿನ ಸ್ಕಾಲರ್‌ಗಳು, ಅಂದರೆ ವಿದ್ಯಾರ್ಥಿವೇತನ ಗೆದ್ದ ಹುಡುಗರು, ಬೆಳ್ಳಿಯ ಪುಟ್ಟ ಮೀನು ಧರಿಸುವ ಪದ್ಧತಿ ಬಂದದ್ದು ಇದರಿಂದಲೇ. ಯಾವ ದೇಶದ, ಯಾವ ನಾಡಿನ ಮಗುವಾದರೂ ಭೇದವಿಲ್ಲದೆ ಸೇರಿಸಿಕೊಳ್ಳಿ ಎಂದು ಕಾಲೆಟ್ ನಿಯಮದಲ್ಲೇ ಬರೆದಿಟ್ಟರು.

ಅವರು ಮಾಡಿದ ಇನ್ನೊಂದು ಕೆಲಸ ಆ ಕಾಲಕ್ಕೆ ಬಹಳ ಧೈರ್ಯದ್ದು. ತಾವು ಪಾದ್ರಿಯಾದರೂ ಶಾಲೆಯ ಹಣವನ್ನು ಚರ್ಚಿನ ಕೈಗೆ ಕೊಡಲಿಲ್ಲ. ಬಟ್ಟೆ ವ್ಯಾಪಾರಿಗಳ ಸಂಘವಾದ ಮರ್ಸರ್ಸ್ ಕಂಪನಿಗೆ ವಹಿಸಿದರು. ಮದುವೆಯಾಗಿ ಸಂಸಾರ ಮಾಡುತ್ತಿರುವ ಸಾಮಾನ್ಯ ನಾಗರಿಕರಲ್ಲಿ ಭ್ರಷ್ಟತನ ಕಮ್ಮಿ ಅನ್ನುವುದು ಅವರು ಕಂಡುಕೊಂಡಿದ್ದ ಸತ್ಯ. ಇದನ್ನು ಬರೆದಿಟ್ಟವರು ಅವರ ಗೆಳೆಯ, ವಿದ್ವಾಂಸ ಎರಾಸ್ಮಸ್. ಆ ಸಂಘಕ್ಕೂ ಶಾಲೆಗೂ ನಂಟು ಇವತ್ತಿಗೂ ಇದೆ. ಐನೂರು ವರ್ಷ ಹಳೆಯ ಈ ಏರ್ಪಾಡು ನೋಡಿದರೆ ಇಂಡಿಪೆಂಡೆಂಟ್ ಅನ್ನುವ ಮಾತಿಗೆ ಬೇರೆಯೇ ತೂಕ ಬರುತ್ತದೆ ಅಲ್ವಾ?

ಕಾಲೆಟ್ ಬರೆದ ನಿಯಮಗಳನ್ನು ಓದಿದರೆ ಅಲ್ಲಿನ ದಿನ ಕಣ್ಣಿಗೆ ಕಟ್ಟುತ್ತದೆ. ಚಳಿಗಾಲವಿರಲಿ, ಬೇಸಿಗೆಯಿರಲಿ, ಬೆಳಿಗ್ಗೆ 7ಕ್ಕೆ ಹುಡುಗರು ಹಾಜರಿರಬೇಕು. 11ರವರೆಗೆ ಪಾಠ. ಮತ್ತೆ 1ಕ್ಕೆ ಬಂದು 5ಕ್ಕೆ ಹೊರಡುವುದು. ಪಾಠದ ಹೊತ್ತಿನಲ್ಲಿ ತಿಂಡಿ, ಕುಡಿಯುವುದು ಏನೂ ಕೂಡದು. ಕತ್ತಲೆಯಲ್ಲಿ ಓದಲು ಮೇಣದ ಬತ್ತಿಯನ್ನೇ ತರಬೇಕು. ಪ್ರಾಣಿಗಳ ಕೊಬ್ಬಿನ ಅಗ್ಗದ ಬತ್ತಿ ನಡೆಯುವುದಿಲ್ಲ, ಖರ್ಚು ಮನೆಯವರದು. ಸೇರುವಾಗ ಹೆಸರು ಬರೆಸಲು ಒಂದೇ ಸಲ ನಾಲ್ಕು ಪೆನ್ನಿ ಕೊಡಬೇಕು. ಆ ದುಡ್ಡು ಮೇಷ್ಟ್ರಿಗಲ್ಲ, ಶಾಲೆ ಗುಡಿಸಿ ಬೆಂಚು ಒರೆಸುವ ಬಡ ವಿದ್ಯಾರ್ಥಿಗೆ. ಮನಸ್ಸಿಗೆ ಬಂದಾಗ ರಜೆ ಕೊಡುವ ಹಾಗೂ ಇರಲಿಲ್ಲ. ರಾಜನೋ ಬಿಷಪ್ಪೋ ಖುದ್ದಾಗಿ ಶಾಲೆಗೆ ಬಂದು ಕೇಳದೆ ಮುಖ್ಯ ಮೇಷ್ಟ್ರು ರಜೆ ಕೊಟ್ಟರೆ ಅವರಿಗೇ 40 ಶಿಲಿಂಗ್ ದಂಡ.

ಪಾಠ ಅಂದರೆ ಲ್ಯಾಟಿನ್ ಮತ್ತು ಗ್ರೀಕ್. ಕೋಣೆ ಒಂದೇ, ನಡುವೆ ಪರದೆ ಎಳೆದು ಭಾಗ ಮಾಡುತ್ತಿದ್ದರು. ಒಂದೊಂದು ತರಗತಿಯಲ್ಲಿ 16 ಹುಡುಗರು, ಎಲ್ಲರಿಗಿಂತ ಮುಂದಿರುವವನಿಗೆ ಸ್ವಲ್ಪ ಎತ್ತರದ ಪೀಠ. ಮೊದಲ ಮುಖ್ಯ ಮೇಷ್ಟ್ರು ವಿಲಿಯಂ ಲಿಲಿ. ಅವರ ಹೆಸರಿನ ಲ್ಯಾಟಿನ್ ವ್ಯಾಕರಣವನ್ನು ಮುಂದೆ ದೊರೆ ಎಂಟನೇ ಹೆನ್ರಿ ದೇಶದ ಶಾಲೆಗಳಿಗೆಲ್ಲ ಗೊತ್ತುಮಾಡಿದ. ಇಲ್ಲಿ ಮುಖ್ಯೋಪಾಧ್ಯಾಯರನ್ನು ‘ಹೈ ಮಾಸ್ಟರ್’ ಎಂದೇ ಕರೆಯುತ್ತಾರೆ, ಈಗಲೂ.

ಸಂಜೆ ಬಾಗಿಲು ಮುಚ್ಚಿದ ಮೇಲೆ ಏನು? ಡೇ ಸ್ಕೂಲಿನ ಗುಣ ಇರುವುದೇ ಅಲ್ಲಿ ಅಂತ ನನಗನಿಸುತ್ತದೆ. ಹುಡುಗನ ಅರ್ಧ ದಿನ ಮಾತ್ರ ಶಾಲೆಯದು, ಉಳಿದದ್ದು ಮನೆಯದು, ಊರಿನದು. ಕವಿ ಜಾನ್ ಮಿಲ್ಟನ್ ಅವರ ಮನೆ ಶಾಲೆಯ ಹತ್ತಿರವೇ ಬ್ರೆಡ್ ಸ್ಟ್ರೀಟ್‌ನಲ್ಲಿತ್ತು. ಹನ್ನೆರಡನೇ ವಯಸ್ಸಿನಿಂದ ಮಧ್ಯರಾತ್ರಿಗೆ ಮುಂಚೆ ಪುಸ್ತಕ ಬಿಟ್ಟು ಮಲಗಿದ್ದೇ ಅಪರೂಪ ಎಂದು ಅವರೇ ಮುಂದೆ ಬರೆದುಕೊಂಡರು. ಮುಂದೆ ತನ್ನ ದಿನಚರಿಯಿಂದ ಹೆಸರಾದ ಸ್ಯಾಮ್ಯುಯೆಲ್ ಪೀಪ್ಸ್ ಇದೇ ಶಾಲೆಯ ಹುಡುಗನಾಗಿದ್ದಾಗ, 1649ರಲ್ಲಿ, ದೊರೆ ಮೊದಲನೇ ಚಾರ್ಲ್ಸ್‌ನ ತಲೆ ಕಡಿದದ್ದನ್ನು ಜನರ ಗುಂಪಿನಲ್ಲಿ ನಿಂತು ನೋಡಿದ. ಊರಾಚೆಯ ವಸತಿ ಶಾಲೆಯ ಗೋಡೆಯೊಳಗಿದ್ದಿದ್ದರೆ ಈ ಚರಿತ್ರೆ ಅವನ ಕಣ್ಣ ಮುಂದೆ ನಡೆಯುತ್ತಿರಲಿಲ್ಲ.

ಆದರೂ ಮರ್ಯಾದೆಯ ಲೆಕ್ಕದಲ್ಲಿ ಡೇ ಸ್ಕೂಲುಗಳನ್ನು ಒಂದು ಮೆಟ್ಟಿಲು ಕೆಳಗೇ ಇಟ್ಟರು. 1861ರಲ್ಲಿ ಸರ್ಕಾರ ನೇಮಿಸಿದ ಕ್ಲಾರೆಂಡನ್ ಆಯೋಗ ಒಂಬತ್ತು ದೊಡ್ಡ ಶಾಲೆಗಳನ್ನು ಪರಿಶೀಲಿಸಿತು. ಅದರಲ್ಲಿ ಡೇ ಸ್ಕೂಲುಗಳು ಎರಡೇ: ಸೇಂಟ್ ಪಾಲ್ಸ್ ಮತ್ತು 1561ರಲ್ಲಿ ಶುರುವಾದ ಮರ್ಚೆಂಟ್ ಟೇಲರ್ಸ್. 1868ರ ಪಬ್ಲಿಕ್ ಸ್ಕೂಲ್ಸ್ ಕಾಯ್ದೆ ಬಂದಾಗ ಅದರಲ್ಲಿ ಉಳಿದದ್ದು ಏಳು, ಈ ಎರಡನ್ನೇ ಬಿಡಲಾಗಿತ್ತು. (ಇಲ್ಲಿ ಪಬ್ಲಿಕ್ ಸ್ಕೂಲ್ ಅಂದರೆ ಸರ್ಕಾರಿ ಶಾಲೆ ಅಲ್ಲ, ಹಳೇ ಹೆಸರಾಂತ ಖಾಸಗಿ ಶಾಲೆ. ನಮ್ಮ ಕರ್ನಾಟಕ ಪಬ್ಲಿಕ್ ಸ್ಕೂಲಿನ ಅರ್ಥ ಬೇರೆ, ಅವರದ್ದು ಬೇರೆ.)

1884ರಲ್ಲಿ ಸೇಂಟ್ ಪಾಲ್ಸ್ ಹಳೇ ಜಾಗ ಬಿಟ್ಟು ಪಶ್ಚಿಮ ಲಂಡನ್ನಿನ ಹ್ಯಾಮರ್‌ಸ್ಮಿತ್‌ಗೆ ಹೋಯಿತು. ಅದೇ ವರ್ಷ ಹನ್ನೆರಡು ವಯಸ್ಸಿನ ಬಂಗಾಳಿ ಹುಡುಗನೊಬ್ಬ ಅಲ್ಲಿಗೆ ಸೇರಿದ. ಅವನೇ ಮುಂದಿನ ಶ್ರೀ ಅರವಿಂದರು. ಏಳನೇ ವಯಸ್ಸಿಗೇ ಅಣ್ಣಂದಿರ ಜೊತೆ ಇಂಗ್ಲೆಂಡಿಗೆ ಬಂದು ಮ್ಯಾಂಚೆಸ್ಟರಿನಲ್ಲಿ ಪಾದ್ರಿಯೊಬ್ಬರ ಮನೆಯಲ್ಲಿ ಬೆಳೆದವರು. ಅಣ್ಣಂದಿರು ಮ್ಯಾಂಚೆಸ್ಟರ್ ಗ್ರಾಮರ್ ಸ್ಕೂಲಿಗೆ ಹೋದರೆ ಇವರಿಗೆ ಮನೆಯಲ್ಲೇ ಪಾಠ. ಲ್ಯಾಟಿನ್ ಎಷ್ಟು ಚೆನ್ನಾಗಿ ಬರುತ್ತಿತ್ತೆಂದರೆ, ಸೇಂಟ್ ಪಾಲ್ಸ್‌ನ ಹೈ ಮಾಸ್ಟರ್ ವಾಕರ್ ಅವರೇ ಕೂರಿಸಿಕೊಂಡು ಗ್ರೀಕ್ ಹೇಳಿಕೊಟ್ಟು ಬೇಗಬೇಗ ಮೇಲಿನ ತರಗತಿಗೆ ಹತ್ತಿಸಿದರು.

ಆದರೆ ಮನೆ? ತಂದೆ ಕಳಿಸುವ ದುಡ್ಡು ಸರಿಯಾಗಿ ಬರುತ್ತಿರಲಿಲ್ಲ. ಒಂದು ಇಡೀ ವರ್ಷ ಬೆಳಿಗ್ಗೆ ಒಂದೆರಡು ತುಂಡು ಬ್ರೆಡ್ಡು ಬೆಣ್ಣೆ, ಒಂದು ಕಪ್ ಟೀ. ಸಂಜೆ ಒಂದು ಪೆನ್ನಿಯ ಸಾಸೇಜು. ಅಷ್ಟರಲ್ಲೇ ದಿನ ದೂಡಿದರು. ಸೌತ್ ಕೆನ್ಸಿಂಗ್ಟನ್ನಿನ ಒಂದು ಕ್ಲಬ್ಬಿನ ಕೋಣೆಯಲ್ಲಿ ವಾಸ, ಅಲ್ಲಿ ಅಣ್ಣನ ಕೆಲಸಕ್ಕೆ ವಾರಕ್ಕೆ ಐದು ಶಿಲಿಂಗ್ ಸಂಬಳ. ಕೊನೆಗೆ ವಿದ್ಯಾರ್ಥಿವೇತನ ಗೆದ್ದು 1890ರಲ್ಲಿ ಕೇಂಬ್ರಿಡ್ಜಿನ ಕಿಂಗ್ಸ್ ಕಾಲೇಜಿಗೆ ಹೋದರು. ಇದನ್ನು ಓದಿದಾಗೆಲ್ಲ ನನಗೆ ಸಂಕಟವಾಗುತ್ತದೆ. ದೇಶದ ಅತ್ಯುತ್ತಮ ಗ್ರೀಕ್ ಪಾಠ ಸಿಕ್ಕಿತು, ಹೊಟ್ಟೆ ತುಂಬ ಊಟ ಸಿಗಲಿಲ್ಲ. ಮನೆ ಗಟ್ಟಿಯಾಗಿದ್ದರೆ ಡೇ ಸ್ಕೂಲಿನಷ್ಟು ಒಳ್ಳೆಯದಿಲ್ಲ. ಮನೆ ಸೋತರೆ ಮಗುವಿನ ಕಷ್ಟ ಯಾರ ಕಣ್ಣಿಗೂ ಬೀಳದೆ ಉಳಿಯಬಹುದು.

ಅರವಿಂದರ ಅಣ್ಣಂದಿರು ಓದಿದ ಮ್ಯಾಂಚೆಸ್ಟರ್ ಗ್ರಾಮರ್ ಸ್ಕೂಲಿನ ಕಥೆ ಹೇಳದಿದ್ದರೆ ಈ ಪದದ ಇವತ್ತಿನ ಅರ್ಥ ಪೂರ್ತಿಯಾಗುವುದಿಲ್ಲ. 1515ರಲ್ಲಿ ಬಿಷಪ್ ಹ್ಯೂ ಓಲ್ಡಮ್ ಅದನ್ನು ಸ್ಥಾಪಿಸಿದರು. ಖರ್ಚಿಗೆ ಆದಾಯ ಬಂದದ್ದು ಇರ್ಕ್ ನದಿಯ ಹಿಟ್ಟಿನ ಗಿರಣಿಗಳಿಂದ. ಊರಿನವರು ಕಾಳನ್ನು ಅಲ್ಲೇ ಬೀಸಿಸಬೇಕಿತ್ತು.

ಎರಡನೇ ಮಹಾಯುದ್ಧದ ನಂತರ ಇದು ‘ಡೈರೆಕ್ಟ್ ಗ್ರಾಂಟ್’ ಶಾಲೆಯಾಗಿತ್ತು. ನಮ್ಮ ಅನುದಾನಿತ ಶಾಲೆಗಳನ್ನು ನೆನೆಸಿಕೊಂಡರೆ ಸುಮಾರಾಗಿ ಅರ್ಥವಾಗುತ್ತದೆ: ಆಡಳಿತ ಶಾಲೆಯದೇ, ಹಣ ನೇರವಾಗಿ ಕೇಂದ್ರ ಸರ್ಕಾರದ್ದು. ಬದಲಿಗೆ ಕನಿಷ್ಠ ಕಾಲುಭಾಗ ಸೀಟುಗಳನ್ನು ಸರ್ಕಾರಿ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಉಚಿತವಾಗಿ ಕೊಡಬೇಕು. ಉಳಿದವರಿಗೂ ಮನೆಯ ಆದಾಯ ನೋಡಿ ಫೀಸಿನಲ್ಲಿ ರಿಯಾಯಿತಿ. ಸುತ್ತಲಿನ ಊರುಗಳಿಂದ ಬಸ್ಸು, ರೈಲು ಹತ್ತಿ ಎಷ್ಟೋ ಸಾಮಾನ್ಯರ ಮಕ್ಕಳು ಬಂದು ಓದಿದರು. 1970ರ ದಶಕದ ಮಧ್ಯದಲ್ಲಿ ಲೇಬರ್ ಸರ್ಕಾರ ಈ ಅನುದಾನ ನಿಲ್ಲಿಸಿತು. ಸರ್ಕಾರಿ ವ್ಯವಸ್ಥೆಗೆ ಸೇರಿ, ಇಲ್ಲವೇ ಪೂರ್ತಿ ಸ್ವತಂತ್ರವಾಗಿ ಎಂದಿತು. ಮ್ಯಾಂಚೆಸ್ಟರ್ ಶಾಲೆಯಂತೆ ಹೆಚ್ಚಿನವು ಎರಡನೆಯದನ್ನು ಆರಿಸಿಕೊಂಡವು. ಇಂದು ಇಂಡಿಪೆಂಡೆಂಟ್ ಡೇ ಸ್ಕೂಲ್ ಎನಿಸಿಕೊಂಡಿರುವ ಎಷ್ಟೋ ಹೆಸರಾಂತ ಶಾಲೆಗಳು ಹೀಗೆ ಫೀಸಿನ ಶಾಲೆಗಳಾದವು.

1980ರಲ್ಲಿ ಬಡ ಮಕ್ಕಳ ಫೀಸನ್ನು ಸರ್ಕಾರ ಭರಿಸುವ ಅಸಿಸ್ಟೆಡ್ ಪ್ಲೇಸಸ್ ಯೋಜನೆ ಬಂತು. 1997ರಲ್ಲಿ ಅದನ್ನೂ ಕೈಬಿಟ್ಟರು. ಈಗ ಉಳಿದಿರುವ ದಾರಿ ಬರ್ಸರಿ, ಅಂದರೆ ಶಾಲೆಯೇ ದಾನಿಗಳಿಂದ ಹಣ ಕೂಡಿಸಿ ಕೊಡುವ ನೆರವು. 2025ರ ಜನವರಿ 1ರಿಂದ ಖಾಸಗಿ ಶಾಲೆಗಳ ಫೀಸಿನ ಮೇಲೆ 20% ವ್ಯಾಟ್ ಕೂಡ ಬಿದ್ದಿದೆ. ಶಾಲೆಯ ಹತ್ತಿರವೇ ಮನೆಯಿದ್ದು, ತಲೆಯೂ ಚುರುಕಾಗಿದ್ದು, ಅಪ್ಪ ಅಮ್ಮನ ಹತ್ತಿರ ದುಡ್ಡಿಲ್ಲದ ಮಗುವಿಗೆ ಈಗ ಬರ್ಸರಿ ಸಿಕ್ಕರೆ ಮಾತ್ರ ಆ ಶಾಲೆ.