ನೋಟ್‌ಬುಕ್ ಬಿಡಿ, ಮಗಳನ್ನು ಕರೆದುಕೊಂಡು ಬನ್ನಿ

ತೀರ್ಥಹಳ್ಳಿ ಕಡೆಯ ಒಬ್ಬ ಅಪ್ಪ ಶಿವಮೊಗ್ಗದ ನನ್ನ ಕ್ಲಿನಿಕ್ಕಿಗೆ ಬಂದರು. ಜೊತೆಗೆ ಮಗಳಿಲ್ಲ. ಮಗಳ ನೋಟ್‌ಬುಕ್ ಇತ್ತು, ಹಳೇ ಕ್ಯಾಲೆಂಡರ್ ಹಾಳೆಯಲ್ಲಿ ಸುತ್ತಿ ತಂದಿದ್ದರು. ನಾಲ್ಕು ಪುಟಗಳ ಕಿವಿ ಮಡಚಿತ್ತು. 'ಓದಿ ಸಾರ್, ಬರೀ ಸಾವು, ಕತ್ತಲೆ, ಬಾವಿ. ಏನಾದ್ರೂ ಮಾತ್ರೆ ಬರೆದುಕೊಡಿ' ಅಂದರು. ಹುಡುಗಿ ಎಲ್ಲಿ ಅಂತ ಕೇಳಿದೆ. ಕಾಲೇಜಿಗೆ ಹೋಗಿದ್ದಾಳಂತೆ. ನೋಟ್‌ಬುಕ್ ಇಲ್ಲಿಗೆ ಬಂದಿರುವುದು ಅವಳಿಗೆ ಗೊತ್ತೇ ಇಲ್ಲ.

ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಆದರೆ ಇಂಥ ನೋಟ್‌ಬುಕ್ ವರ್ಷಕ್ಕೆ ನಾಲ್ಕೈದು ಬರುತ್ತವೆ. ತರುವವರು ಅಪ್ಪ, ಇಲ್ಲಾಂದ್ರೆ ಗಂಡ. ಹುಡುಗರ ನೋಟ್‌ಬುಕ್ ಇದುವರೆಗೆ ಒಂದೂ ಬಂದಿಲ್ಲ. ಮಗನನ್ನು ಕಳೆದುಕೊಂಡು ಬೇಂದ್ರೆ ಬರೆದ ಕವಿತೆಯನ್ನು ನಾವು ಕಣ್ಣೊರೆಸಿಕೊಂಡು ಹಾಡುತ್ತೇವೆ. ಅದನ್ನು ಡಾಕ್ಟರಿಗೆ ತೋರಿಸೋಣ ಅಂತ ಯಾರಿಗೂ ಅನ್ನಿಸಿಲ್ಲ. ಉಡುತಡಿಯ ಅಕ್ಕನೂ ಎಂಟುನೂರು ವರ್ಷ ಹಿಂದಿನವಳಾದ್ದರಿಂದ ಬಚಾವಾದಳು.

ಓದಿಕೊಂಡವರೂ ಇದೇ ತಪ್ಪು ಮಾಡುತ್ತಾರೆ ಅನ್ನುವುದು ನನಗೆ ಜಾಸ್ತಿ ಕಿರಿಕಿರಿ. ಈ ಮಳೆಗಾಲದಲ್ಲಿ ಗೆಳೆಯರ ಮನೆ ಜಗುಲಿಯಲ್ಲಿ ಅಮೆರಿಕದ ಕವಯಿತ್ರಿಯರಾದ ಸಿಲ್ವಿಯಾ ಪ್ಲಾತ್, ಆನ್ ಸೆಕ್ಸ್‌ಟನ್ ಬಗ್ಗೆ ಜೋರು ವಾದ ಆಯಿತು. ನಿವೃತ್ತ ಮೇಷ್ಟ್ರೊಬ್ಬರು 'ಸ್ವಂತ ಗೋಳನ್ನೆಲ್ಲ ಕವಿತೆ ಅಂದ್ರೆ ಹೇಗ್ರೀ' ಅಂದರು. ಒಬ್ಬ ಯುವ ಟೀಚರ್ ಸಿಟ್ಟಾಗಿ, 'ಅನುಭವಿಸಿದ್ದನ್ನು ಇದ್ದ ಹಾಗೇ ಇಟ್ಟಿದ್ದಾರಲ್ಲ, ಅದೇ ಅವರ ಶಕ್ತಿ' ಅಂದಳು. ಇಬ್ಬರೂ ಜಗಳ ಆಡುತ್ತಿದ್ದರೂ ನಂಬಿದ್ದು ಒಂದನ್ನೇ. ಇದ್ದ ಹಾಗೇ ಇಟ್ಟರು ಅಂತ. ನೋಟ್‌ಬುಕ್ ತಂದ ಅಪ್ಪನೂ ಅದನ್ನೇ ನಂಬಿದ್ದು.

ಇದ್ದ ಹಾಗೇ ಯಾರೂ ಇಡುವುದಿಲ್ಲ. ಪ್ಲಾತ್ 1962ರ ಅಕ್ಟೋಬರಿನಲ್ಲಿ 'ಡ್ಯಾಡಿ' ಬರೆದಳು. ಅದರಲ್ಲಿ ಅಪ್ಪ ನಾಜಿ, ಮಗಳು ತನ್ನನ್ನು ಯಹೂದಿಗೆ ಹೋಲಿಸಿಕೊಳ್ಳುತ್ತಾಳೆ. ನಿಜವಾದ ಅಪ್ಪ ಓಟೋ ಪ್ಲಾತ್ ಜರ್ಮನಿಯಲ್ಲಿ ಹುಟ್ಟಿದವನು ಹೌದು, ಆದರೆ ನಾಜಿಗಳು ತಲೆ ಎತ್ತುವ ಎಷ್ಟೋ ಮೊದಲೇ ಅಮೆರಿಕಕ್ಕೆ ಹೋಗಿ ಬಾಸ್ಟನ್ನಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತಿದ್ದ, ದುಂಬಿಗಳ ಬಗ್ಗೆ ಪುಸ್ತಕ ಬರೆದಿದ್ದ, ಸಕ್ಕರೆ ಕಾಯಿಲೆ ಉಲ್ಬಣಿಸಿ 1940ರಲ್ಲಿ ತೀರಿಕೊಂಡಾಗ ಮಗಳಿಗೆ ಎಂಟು ವರ್ಷ. ಬಿಬಿಸಿಯಲ್ಲಿ ಓದಲೆಂದು ಬರೆದ ಟಿಪ್ಪಣಿಯಲ್ಲಿ ಅವಳೇ ಈ ಕವಿತೆಯನ್ನು 'ಒಬ್ಬ ಹುಡುಗಿ ಆಡುವ ಮಾತು' ಅಂತ ಪರಿಚಯಿಸಿದಳು. ನಾನು ಆಡುವ ಮಾತು ಅನ್ನಲಿಲ್ಲ. ಅಂದರೆ ಆ 'ನಾನು' ಕಟ್ಟಿದ ನಾನು. ನೋವು ನಿಜ, ಪಾತ್ರ ಕಟ್ಟಿದ್ದು. ಆ ನಾಜಿ ಹೋಲಿಕೆ ನನಗಂತೂ ಇವತ್ತಿಗೂ ಪೂರ್ತಿ ಜೀರ್ಣವಾಗಿಲ್ಲ. ಅದು ಅತಿಯಾಯಿತು ಅಂತ ಜಗಳಕ್ಕೆ ಬನ್ನಿ, ಕೂತು ಮಾತಾಡೋಣ. 'ಪಾಪ, ಹುಷಾರಿರಲಿಲ್ಲ' ಅಂದರೆ ಮಾತು ಅಲ್ಲಿಗೇ ಮುಗಿಯಿತು.

ಅದೇ ತಿಂಗಳ ಒಂದು ಸಂದರ್ಶನದಲ್ಲಿ ಅವಳು, ಬರೀ ಎದೆಯ ಕೂಗಾಗಿರುವ ಕವಿತೆ ತನಗೆ ಹಿಡಿಸುವುದಿಲ್ಲ, ಎಂಥ ಭಯಾನಕ ಅನುಭವವನ್ನೂ ಹಿಡಿತಕ್ಕೆ ತರಬೇಕು ಅನ್ನುತ್ತಾಳೆ. ಮೇಷ್ಟ್ರ ಮಾತೂ ಹೆಚ್ಚುಕಡಿಮೆ ಅದೇ ಆಗಿತ್ತಲ್ಲ!

ಸ್ವಂತ ಬದುಕನ್ನೇ ಬಿಚ್ಚಿಡುವ ಇಂಥ ಕವಿತೆಗೆ 'ಕನ್ಫೆಷನಲ್', ಅಂದರೆ ತಪ್ಪೊಪ್ಪಿಗೆಯ ಕವಿತೆ, ಅನ್ನುತ್ತಾರೆ. ಆ ಹಣೆಪಟ್ಟಿ ಮೊದಲು ಅಂಟಿದ್ದು ಗಂಡಸಿಗೆ. 1959ರಲ್ಲಿ ಅಮೆರಿಕದ ಕವಿ ರಾಬರ್ಟ್ ಲೊವೆಲ್ ಸಂಕಲನದ ಬಗ್ಗೆ ಬರೆಯುತ್ತಾ ಎಂ. ಎಲ್. ರೊಸೆಂಥಾಲ್ ಅನ್ನುವ ವಿಮರ್ಶಕ ಆ ಪದ ಬಳಸಿದ. ಅದೇ ವರ್ಷ ಪ್ಲಾತ್, ಸೆಕ್ಸ್‌ಟನ್ ಇಬ್ಬರೂ ಲೊವೆಲ್ ತರಗತಿಯಲ್ಲಿ ಕೂತು ಕಲಿಯುತ್ತಿದ್ದರು. ಈಗ ಆ ಪದ ಕೇಳಿದರೆ ನೆನಪಾಗುವುದು ಶಿಷ್ಯೆಯರು.

ಈಗ ಡಾಕ್ಟರಾಗಿ ಎರಡು ಮಾತು. ಸಾವಿನ ಬಗ್ಗೆ ಬರೆದವರಿಗೆಲ್ಲ ಏನೂ ಆಗಲ್ಲ ಅಂತ ನಾನು ಹೇಳುತ್ತಿಲ್ಲ. ಪ್ಲಾತ್ 1963ರಲ್ಲಿ, ಸೆಕ್ಸ್‌ಟನ್ 1974ರಲ್ಲಿ ತಾವೇ ಜೀವ ಕಳೆದುಕೊಂಡರು. ಇಬ್ಬರಿಗೂ ಕಾಯಿಲೆ ಇತ್ತು. 2001ರಲ್ಲಿ ಇಬ್ಬರು ಸಂಶೋಧಕರು ಹದಿನೆಂಟು ಕವಿಗಳ ಸುಮಾರು 300 ಕವಿತೆಗಳ ಪದ ಎಣಿಸಿದರು. ಹಾಗೆ ತೀರಿಕೊಂಡವರಲ್ಲಿ 'ನಾನು' ಜಾಸ್ತಿ, 'ನಾವು' ಕಡಿಮೆ ಇತ್ತಂತೆ. ಆದರೆ ಅದು ಗುಂಪಿನ ಲೆಕ್ಕ. ನಿಮ್ಮ ಮಗಳ ನೋಟ್‌ಬುಕ್ಕಿನಲ್ಲಿ ಎಷ್ಟು 'ನಾನು' ಇದೆ ಅಂತ ದಯವಿಟ್ಟು ಎಣಿಸಬೇಡಿ. ನಿದ್ದೆ ಹೇಗಿದೆ ನೋಡಿ. ಊಟ ಬಿಟ್ಟಿದ್ದಾಳಾ, ಗೆಳತಿಯರ ಫೋನ್ ಎತ್ತುತ್ತಿಲ್ಲವಾ, ಇಷ್ಟದ ವಸ್ತುಗಳನ್ನು ಅವರಿವರಿಗೆ ಕೊಡುತ್ತಿದ್ದಾಳಾ, ಬರೆಯುತ್ತಿದ್ದವಳು ಬರೆಯುವುದನ್ನೇ ನಿಲ್ಲಿಸಿದ್ದಾಳಾ ನೋಡಿ. ಅನುಮಾನ ಬಂದರೆ 'ಸಾಯಬೇಕು ಅನ್ನಿಸ್ತಿದೆಯಾ' ಅಂತ ಅವಳನ್ನೇ ನೇರ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಬರುತ್ತೆ ಅನ್ನುವುದು ಸುಳ್ಳು ಭಯ. ರಾತ್ರಿ ಹೊತ್ತು ಯಾರೂ ಸಿಗದಿದ್ದರೆ 14416ಕ್ಕೆ ಕರೆ ಮಾಡಿ, ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನೊಂದು ಬಗೆಯವರೂ ಇದ್ದಾರೆ. ನೋವು ಹೋದರೆ ಕವಿತೆ ಹೋಗುತ್ತೆ ಅಂತ ಮಾತ್ರೆ ಬಿಡುವವರು. ಅವರ ಮೇಲೆ ನನಗೆ ಸಿಟ್ಟು ಬರುವುದಿಲ್ಲ, ಸ್ವಲ್ಪ ಮುದ್ದೇ ಬರುತ್ತದೆ. ಅವರಿಗೆ ಸೆಕ್ಸ್‌ಟನ್ ಕಥೆ ಹೇಳುತ್ತೇನೆ. ಅವಳಿಗೆ ಬರಿ ಅಂತ ಹುರಿದುಂಬಿಸಿದ್ದೇ ಅವಳ ಮನೋವೈದ್ಯ. ಕಾಯಿಲೆ ಒಂದೇ ಸಾಕಾಗಿದ್ದರೆ ಅವಳು ಲೊವೆಲ್ ತರಗತಿಗೆ ಯಾಕೆ ಹೋಗಬೇಕಿತ್ತು? ಪ್ರಾಸ ಕೂಡಿಸಿ, ಹೊಡೆದು ಹಾಕಿ, ಮತ್ತೆ ಬರೆದು 1967ರಲ್ಲಿ ಪುಲಿಟ್ಜರ್ ತಗೊಂಡಳು. ಹಾಗಂತ ಕವಿತೆಯೇ ಮದ್ದು ಅಂತಲೂ ತಿಳಿಯಬೇಡಿ. ಅಲ್ಲ.

ಹೊಸನಗರ ಕಡೆಯಿಂದ ಬರುವ ಒಬ್ಬ ಹೆಂಗಸಿಗೆ ಮಾತಿನ ಮಧ್ಯೆ ಪ್ಲಾತ್ ವಿಷಯ ಹೇಳಿದ್ದೆ. ಅವರು ಓದುವವರೇನಲ್ಲ. ಮನೆ ಹಿತ್ತಲಲ್ಲಿ ಏಳು ತುಡುವೆ ಪೆಟ್ಟಿಗೆ ಇಟ್ಟಿದ್ದಾರೆ. ಪ್ಲಾತ್ ಕೂಡ ಇಂಗ್ಲೆಂಡಿನ ಹಳ್ಳಿಯಲ್ಲಿ ಜೇನು ಸಾಕಿದ್ದಳು, ಚಳಿಗಾಲದ ಜೇನಿನ ಮೇಲೆ ಒಂದು ಕವಿತೆ ಬರೆದಿದ್ದಾಳೆ, ಹೂವಿಲ್ಲದ ಕಾಲದಲ್ಲಿ ಅವಕ್ಕೆ ಅಂಗಡಿಯ ಸಕ್ಕರೆ ಪಾಕ ಕೊಡುವುದು ಅದರಲ್ಲಿ ಬರುತ್ತದೆ ಅಂದೆ. 'ನಾವೂ ಆಷಾಢದಲ್ಲಿ ಅದೇ ಅಲ್ವಾ ಮಾಡೋದು' ಅಂದರು. ಗೂಡು ಉಳೀತಾ ಅಂತ ಕೇಳಿದರು. ಕವಿತೆಯ ಕೊನೆಯಲ್ಲಿ ಹುಳಗಳು ಹಾರುತ್ತವೆ, ವಸಂತದ ರುಚಿ ನೋಡುತ್ತವೆ ಅಂದೆ. ತನ್ನ 'ಏರಿಯಲ್' ಸಂಕಲನದ ಹಸ್ತಪ್ರತಿಯಲ್ಲಿ ಪ್ಲಾತ್ ಕಟ್ಟಕಡೆಗೆ ಇಟ್ಟಿದ್ದು ಈ ಕವಿತೆಯನ್ನೇ. 1965ರಲ್ಲಿ ಗಂಡ ಅಚ್ಚು ಹಾಕಿಸಿದಾಗ ಕ್ರಮ ಬದಲಾಯಿತು, ಅವಳ ಕ್ರಮದಲ್ಲಿ ಪುಸ್ತಕ ಬರಲು 2004 ಆಗಬೇಕಾಯಿತು. ಇಷ್ಟೆಲ್ಲ ಅವರಿಗೆ ಯಾಕೆ ಹೇಳಿದೆನೋ. ಆಮೇಲೆ ಅವಳು ಏನಾದಳು ಅಂತ ಕೇಳಿದರು. ಸುಳ್ಳು ಹೇಳಲಿಲ್ಲ.

ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದು, ಚೀಟಿ ಮಡಚಿ ಚೀಲಕ್ಕೆ ಹಾಕಿಕೊಂಡು ಕೇಳಿದರು: 'ಆಮೇಲೆ ಅವಳ ಪೆಟ್ಟಿಗೆ ಯಾರು ನೋಡ್ಕೊಂಡ್ರು ಡಾಕ್ಟ್ರೇ?'